ಯುಡಿಆರ್ ಕಡತದೊಳಗಿನ ಕೊಲೆಗಳು

2003ರಿಂದ 2009ರವರೆಗೆ ಇಪ್ಪತ್ತು ಹೆಣ್ಣುಮಕ್ಕಳನ್ನು ಕೊಂದ ಶಾಲಾ ಶಿಕ್ಷಕ ಮೋಹನ್ ಕುಮಾರ್ ಯಾರೆಂದು ಕೇಳಿದರೆ ತಲೆ ಕೆರೆದುಕೊಳ್ಳುವವರೂ ‘ಸೈನೈಡ್ ಮೋಹನ್’ ಎಂದ ಕೂಡಲೇ ಕಥೆ ಶುರು ಮಾಡುತ್ತಾರೆ. ಅವನ ವೇಷ, ಅವನ ಸುಳ್ಳು ಹೆಸರುಗಳು, ಅವನ ಮಾತಿನ ಮೋಡಿ, ಎಲ್ಲವೂ ಪತ್ರಿಕೆಗಳಲ್ಲಿ, ಟಿವಿಯಲ್ಲಿ, ಮೊಬೈಲಿನಲ್ಲಿ ಬಂದು ಹೋಗಿವೆ. ಆದರೆ ಈ ಪ್ರಕರಣದಲ್ಲಿ ಬರಹಗಾರ ಬೆನ್ನತ್ತಬೇಕಿದ್ದ ಪ್ರಶ್ನೆ ಅವನ ಬುದ್ಧಿವಂತಿಕೆಯದಲ್ಲ. ಆರು ವರ್ಷಗಳಲ್ಲಿ ಸರಿಸುಮಾರು ಒಂದೇ ಬಗೆಯಲ್ಲಿ ಸತ್ತವರ ಕಡತಗಳು ಒಂದರ ಪಕ್ಕ ಒಂದು ಏಕೆ ಬರಲಿಲ್ಲ ಎಂಬುದು. ಕೊಲೆಗಳ ಬಗ್ಗೆ ಬರೆಯುವ ಪತ್ರಕರ್ತ ಕೊಲೆಗಾರನ ಮನಸ್ಸನ್ನು ಬಗೆಯುವುದಕ್ಕಿಂತ ಠಾಣೆಯ ಕಾಗದಗಳನ್ನು ಬಗೆದರೆ ಸಮಾಜಕ್ಕೆ ಹೆಚ್ಚು ಕೆಲಸಕ್ಕೆ ಬರುತ್ತಾನೆ ಎಂದು ವಾದಿಸಲು ಇದಕ್ಕಿಂತ ಗಟ್ಟಿ ಸಾಕ್ಷಿ ಕನ್ನಡದ ನೆಲದಲ್ಲಿ ಸಿಗುವುದು ಕಷ್ಟ.

ನಡೆದದ್ದು ಇಷ್ಟು. ಹೆಚ್ಚಾಗಿ ದಕ್ಷಿಣ ಕನ್ನಡ, ಕಾಸರಗೋಡು ಕಡೆಯ ಬಡ ಮನೆಯ, ವರದಕ್ಷಿಣೆ ಕೊಡಲಾಗದೆ ಮದುವೆ ತಡವಾದ ಹೆಣ್ಣುಮಕ್ಕಳನ್ನು ಆತ ಗುರುತಿಸುತ್ತಿದ್ದ. ವರದಕ್ಷಿಣೆ ಬೇಡ, ಮದುವೆಯಾಗುತ್ತೇನೆ ಎನ್ನುತ್ತಿದ್ದ. ದೂರದ ಊರಿಗೆ ಕರೆದೊಯ್ದು ಬಸ್ ನಿಲ್ದಾಣದ ಹತ್ತಿರದ ಲಾಡ್ಜಿನಲ್ಲಿ ಉಳಿಸುತ್ತಿದ್ದ. ಬೆಳಿಗ್ಗೆ ಒಡವೆಗಳನ್ನು ಕೋಣೆಯಲ್ಲೇ ಬಿಡಿಸಿ, ನಿಲ್ದಾಣಕ್ಕೆ ಕರೆತಂದು, ಗರ್ಭ ನಿಲ್ಲದಂತೆ ತಡೆಯುವ ಮಾತ್ರೆ ಇದು, ನುಂಗಿದರೆ ಹೊಟ್ಟೆ ತೊಳಸೀತು, ಶೌಚಾಲಯದೊಳಗೆ ಹೋಗಿ ತಗೋ ಎನ್ನುತ್ತಿದ್ದ. ಮಾತ್ರೆಯಲ್ಲಿದ್ದುದು ಸೈನೈಡ್. ಅವಳು ಒಳಗೆ ಹೋಗಿ ತಾನೇ ಅಗುಳಿ ಹಾಕಿಕೊಳ್ಳುತ್ತಿದ್ದಳು. ಇವನು ಲಾಡ್ಜಿಗೆ ಮರಳಿ ಒಡವೆ ಎತ್ತಿಕೊಂಡು ಊರು ಬಿಡುತ್ತಿದ್ದ. ಮುರಿದ ಬಾಗಿಲಿನೊಳಗೆ ಪೊಲೀಸರಿಗೆ ಸಿಗುತ್ತಿದ್ದುದು ಒಳ್ಳೆಯ ಸೀರೆಯುಟ್ಟ, ಗುರುತಿಲ್ಲದ ಒಂದು ಹೆಣ. ಒಳಗಿನಿಂದ ಚಿಲಕ, ಮೈಮೇಲೆ ಗಾಯವಿಲ್ಲ. ಅಸ್ವಾಭಾವಿಕ ಸಾವು ಎಂದು ಬರೆದು ಯುಡಿಆರ್ (ಅಸ್ವಾಭಾವಿಕ ಸಾವಿನ ವರದಿ) ಸಂಖ್ಯೆ ಕೊಟ್ಟರೆ ಅಲ್ಲಿಗೆ ಮುಗಿಯಿತು. ಮೈಸೂರು, ಬೆಂಗಳೂರು, ಹಾಸನ, ಮಡಿಕೇರಿ ಹೀಗೆ ಊರು ಬದಲಾಗುತ್ತಿತ್ತು, ಠಾಣೆಯೂ ಬದಲಾಗುತ್ತಿತ್ತು. ಇತ್ತ ಮನೆಯವರು ಮಗಳು ಯಾರ ಜೊತೆಗೋ ಹೋದಳೆಂದು ನಂಬಿ, ಮರ್ಯಾದೆಗೆ ಅಂಜಿ, ಎಷ್ಟೋ ಸಲ ದೂರಿನ ಗೋಜಿಗೇ ಹೋಗುತ್ತಿರಲಿಲ್ಲ.

ನಾಪತ್ತೆ ದೂರಿಗೂ ಹೆಣದ ಕಡತಕ್ಕೂ ನಡುವಿನ ಈ ಬಿರುಕು ಎಲ್ಲಿ ಬೇಕಾದರೂ ಬಾಯಿಬಿಡಬಲ್ಲದು. ಹಳಿಯಾಳ ತಾಲ್ಲೂಕಿನ ಸಾಂಬ್ರಾಣಿಯನ್ನೇ ತೆಗೆದುಕೊಳ್ಳಿ. ಇಲ್ಲಿಯವರಿಗೆ ಜಿಲ್ಲಾ ಕೇಂದ್ರ ಕಾರವಾರಕ್ಕಿಂತ ಧಾರವಾಡ ಹತ್ತಿರ. ಕೂಲಿಗೂ ಆಸ್ಪತ್ರೆಗೂ ಆ ಕಡೆ ಹೋಗುವವರೂ ಇರುತ್ತಾರೆ. ಇಂಥ ಊರಿನ ಹೆಣ್ಣುಮಗಳೊಬ್ಬಳು ಕಾಣೆಯಾದರೆ ದೂರು ಉತ್ತರ ಕನ್ನಡದ ಠಾಣೆಯಲ್ಲಿರುತ್ತದೆ. ಹೆಣ ಹುಬ್ಬಳ್ಳಿಯಲ್ಲೋ ಬೆಳಗಾವಿಯಲ್ಲೋ ಸಿಕ್ಕರೆ ಯುಡಿಆರ್ ಬೇರೆ ಜಿಲ್ಲೆಯ ಠಾಣೆಯಲ್ಲಿರುತ್ತದೆ. ಎರಡನ್ನೂ ಒಟ್ಟಿಗೆ ಓದುವವರು ಬೇಕು. ಪೊಲೀಸರು ಓದದಿದ್ದಾಗ ಓದಬಹುದಾದ ಇನ್ನೊಬ್ಬ ವ್ಯಕ್ತಿಯೆಂದರೆ ವರದಿಗಾರ.

ಕಡತಗಳನ್ನು ಪಕ್ಕಪಕ್ಕ ಇಟ್ಟರೆ ಏನಾಗುತ್ತದೆ ಎಂಬುದಕ್ಕೆ ಉದಾಹರಣೆ ಧಾರವಾಡದಲ್ಲೇ ಇದೆ. 2015ರ ಆಗಸ್ಟ್ 30ರಂದು ಕಲ್ಯಾಣ ನಗರದ ಮನೆಯ ಬಾಗಿಲಲ್ಲಿ ಸಂಶೋಧಕ ಎಂ.ಎಂ. ಕಲಬುರ್ಗಿಯವರ ಹತ್ಯೆಯಾಯಿತು. 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಪತ್ರಕರ್ತೆ ಗೌರಿ ಲಂಕೇಶ್ ಹತ್ಯೆಯಾಯಿತು. ಎರಡೂ ಕಡೆ ಸಿಕ್ಕ ಗುಂಡುಗಳನ್ನು ಹೋಲಿಸಿದ ವಿಧಿವಿಜ್ಞಾನ ಪರೀಕ್ಷೆ, ಒಂದೇ 7.65 ಎಂಎಂ ನಾಡಪಿಸ್ತೂಲಿನಿಂದ ಹಾರಿದವು ಎಂದಿತು. ಗೌರಿ ಪ್ರಕರಣದ ವಿಶೇಷ ತನಿಖಾ ತಂಡಕ್ಕೇ ಕಲಬುರ್ಗಿ ಪ್ರಕರಣವನ್ನೂ 2019ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿಸಿತು. ಅದೇ ವರ್ಷ ಆರೋಪಪಟ್ಟಿ ಸಲ್ಲಿಕೆಯಾಯಿತು. ನಾಡಿಗೆಲ್ಲ ಗೊತ್ತಿದ್ದ ಸಂಶೋಧಕರ ವಿಷಯದಲ್ಲೇ ಇಷ್ಟು ಕಾಲ ಹಿಡಿಯಿತು. ಬಸ್ ನಿಲ್ದಾಣದ ಶೌಚಾಲಯದಲ್ಲಿ ಬಿದ್ದ ಅನಾಮಿಕ ಹೆಣ್ಣಿಗೆ ಯಾವ ವಿಶೇಷ ತಂಡ ರಚನೆಯಾದೀತು?

ಕನ್ನಡದಲ್ಲಿ ಅಪರಾಧ ಬರವಣಿಗೆಗೆ ದೊಡ್ಡ ಓದುಗ ಬಳಗವನ್ನು ಕಟ್ಟಿದವರು ರವಿ ಬೆಳಗೆರೆ. 1995ರಲ್ಲಿ ಶುರುವಾದ ‘ಹಾಯ್ ಬೆಂಗಳೂರ್!’, ಆಮೇಲೆ ಈಟಿವಿಯ ‘ಕ್ರೈಂ ಡೈರಿ’, ‘ಭೀಮಾ ತೀರದ ಹಂತಕರು’ ಪುಸ್ತಕ, ಇವೆಲ್ಲ ಪೊಲೀಸ್ ಠಾಣೆಯ ಭಾಷೆಯನ್ನು ಮನೆಯ ಜಗಲಿಗೆ ತಂದವು. ಆ ಕಸುವು ಸಣ್ಣದಲ್ಲ. ಆದರೆ ಅವರ ದಾರಿಯಲ್ಲಿ ಹೊರಟ ಅನೇಕರು ಕಸುವನ್ನು ಬಿಟ್ಟು ರೋಚಕತೆಯನ್ನಷ್ಟೇ ಹಿಡಿದರು. ‘ಆರೋಪಿ ಪೊಲೀಸರೆದುರು ಬಾಯಿಬಿಟ್ಟಿದ್ದಾನೆ’ ಎಂಬ ಸಾಲನ್ನು ತೀರ್ಪಿನಂತೆ ಅಚ್ಚು ಮಾಡುವುದು ಇಂದಿಗೂ ನಿಂತಿಲ್ಲ. ಪೊಲೀಸರೆದುರಿನ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸುವಂತಿಲ್ಲ ಎಂದು 1872ರ ಸಾಕ್ಷ್ಯ ಕಾಯ್ದೆಯ 25ನೇ ಕಲಂ ಹೇಳಿತ್ತು. 2024ರ ಜುಲೈಯಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮವೂ ಅದನ್ನು ಉಳಿಸಿಕೊಂಡಿದೆ. ನ್ಯಾಯಾಲಯ ಮುಟ್ಟದ ಮಾತಿನ ಮೇಲೆ ಎಂಟು ಪುಟದ ಕಥೆ ಕಟ್ಟುವುದನ್ನು ತನಿಖಾ ಪತ್ರಿಕೋದ್ಯಮ ಎನ್ನಲು ನಾಲಿಗೆ ಏಳುವುದಿಲ್ಲ.

ಕೊಲೆಗಾರನೇ ಇಲ್ಲದ ಕೊಲೆಯ ಕಥೆಯನ್ನು ಯಾರು ಓದುತ್ತಾರೆ ಎಂಬ ಆಕ್ಷೇಪ ಸಂಪಾದಕರಿಂದ ಮೊದಲು ಬರುತ್ತದೆ. ಟ್ರೂಮನ್ ಕಪೋಟಿಯ ‘ಇನ್ ಕೋಲ್ಡ್ ಬ್ಲಡ್’ ಗೆದ್ದದ್ದು ಕೊಲೆಗಾರರಿಬ್ಬರ ಒಳಮನಸ್ಸನ್ನು ತೆರೆದಿಟ್ಟದ್ದರಿಂದ ಎಂದೂ ಹೇಳಬಹುದು. ನಿಜ, ಆದರೆ ಪ್ರತಿ ಮಾತೂ ಸತ್ಯವೆಂದು ಹೇಳಿಕೊಂಡ ಆ ಪುಸ್ತಕದ ಕೊನೆಯ ಸ್ಮಶಾನದ ದೃಶ್ಯ ಲೇಖಕನ ಕಲ್ಪನೆ. ಕೊಲೆಗಾರನಿಗೆ ತೀರಾ ಹತ್ತಿರ ಹೋದ ಬರಹ ತೆರುವ ಬೆಲೆ ಅಂಥದ್ದು. ಅದಕ್ಕೆ ಬದಲಾಗಿ, ಹ್ಯಾಲಿ ರೂಬೆನ್‌ಹೋಲ್ಡ್ 2019ರಲ್ಲಿ ಪ್ರಕಟಿಸಿದ ‘ದಿ ಫೈವ್’ 1888ರ ಲಂಡನ್ನಿನ ‘ಜ್ಯಾಕ್ ದ ರಿಪ್ಪರ್’ ಯಾರೆಂಬ ಗೊಡವೆಗೇ ಹೋಗುವುದಿಲ್ಲ. ಸತ್ತ ಐವರು ಹೆಂಗಸರು ಹೇಗೆ ಬದುಕಿದ್ದರು, ಬಡತನ ಅವರನ್ನು ಹೇಗೆ ಬೀದಿಗೆ ತಂದಿತು ಎಂಬುದನ್ನು ದಾಖಲೆಗಳಿಂದ ಕಟ್ಟಿಕೊಟ್ಟು ಓದುಗರನ್ನೂ ಬಹುಮಾನವನ್ನೂ ಗಳಿಸಿತು. ನಮ್ಮಲ್ಲಿ ಸತ್ತವರ ಮನೆಯವರು ಇನ್ನೂ ಬದುಕಿದ್ದಾರೆ, ಆದ್ದರಿಂದ ಹೆಸರಿಡುವಾಗ ಎಚ್ಚರ ಬೇಕು. ಈ ಲೇಖನದಲ್ಲಿ ಆ ಹೆಣ್ಣುಮಕ್ಕಳ ಹೆಸರು ಬಿಟ್ಟಿರುವುದು ಅದಕ್ಕೇ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪವೊಂದಿದೆ. ಗದ್ದಲವಾಗದಿದ್ದರೆ ಮೋಹನ್ ಸಿಗುತ್ತಲೇ ಇರಲಿಲ್ಲವಲ್ಲ? ಹೌದು. 2009ರಲ್ಲಿ ಬಂಟ್ವಾಳ ತಾಲ್ಲೂಕಿನ ಯುವತಿಯೊಬ್ಬಳು ಕಾಣೆಯಾದಾಗ ಜನ ಬೀದಿಗಿಳಿದರು, ಪೊಲೀಸರ ಮೇಲೆ ಒತ್ತಡ ಬಿತ್ತು, ಫೋನ್ ಕರೆಗಳ ಜಾಡು ಹಿಡಿದು ಅಕ್ಟೋಬರ್‌ನಲ್ಲಿ ಅವನನ್ನು ಬಂಧಿಸಿದರು. ಆದರೆ ಗದ್ದಲ ಹೇಳಿದ ಕಥೆ ಯಾವುದು? ಅನ್ಯಧರ್ಮದವನೊಬ್ಬ ಹುಡುಗಿಯನ್ನು ಮರುಳು ಮಾಡಿ ಕರೆದೊಯ್ದ ಎಂಬುದು. ಅದು ಪೂರಾ ಸುಳ್ಳಾಗಿತ್ತು. ಗದ್ದಲ ಪೊಲೀಸರನ್ನು ಎಬ್ಬಿಸಿತು, ದಾರಿ ತೋರಿಸಿದ್ದು ಕರೆಗಳ ಪಟ್ಟಿ. ಯುಡಿಆರ್ ಕಡತಗಳನ್ನು ಅಷ್ಟೇ ತಾಳ್ಮೆಯಿಂದ ಓದುವ ಕೆಲಸವನ್ನು ಆ ಆರು ವರ್ಷಗಳಲ್ಲಿ ಪತ್ರಿಕೆಗಳೂ ಮಾಡಬಹುದಿತ್ತು. ಶೌಚಾಲಯದಲ್ಲಿ ಹೆಣ ಸಿಕ್ಕ ಸುದ್ದಿ ಸ್ಥಳೀಯ ಪುಟದ ಮೂಲೆಗೆ ಸೇರುವ ಸುದ್ದಿಯೇ ತಾನೆ.

ಮೊದಲ ಪ್ರಕರಣಗಳಲ್ಲಿ 2013ರ ಡಿಸೆಂಬರ್‌ನಲ್ಲಿ ಮಂಗಳೂರಿನ ನ್ಯಾಯಾಲಯ ಮೋಹನ್‌ಗೆ ಮರಣದಂಡನೆ ವಿಧಿಸಿತು. ಅಂಥದೊಂದು ಶಿಕ್ಷೆಯನ್ನು 2017ರಲ್ಲಿ ಹೈಕೋರ್ಟ್ ಜೀವಾವಧಿಗೆ ಇಳಿಸಿತು. ಇಪ್ಪತ್ತನೆಯ ಪ್ರಕರಣದ, ಕಾಸರಗೋಡಿನ ಯುವತಿಯ ಕೊಲೆಯ ತೀರ್ಪು ಬಂದದ್ದು 2020ರ ಜೂನ್‌ನಲ್ಲಿ, ಅವಳು ಸತ್ತು ಹೆಚ್ಚುಕಡಿಮೆ ಹನ್ನೊಂದು ವರ್ಷಗಳಾದ ಮೇಲೆ. ಇಂಥ ಕಡತಗಳನ್ನು ಹುಡುಕುವ ವರದಿಗಾರನಿಗೆ ದಾರಿ ಮುಚ್ಚಿಲ್ಲ. ಅಸ್ವಾಭಾವಿಕ ಸಾವಿನ ತನಿಖಾ ವರದಿ ಈಗಲೂ ಪೊಲೀಸರಿಂದ ಜಿಲ್ಲಾ ಇಲ್ಲವೇ ಉಪವಿಭಾಗದ ಮ್ಯಾಜಿಸ್ಟ್ರೇಟರಿಗೆ ಹೋಗಲೇಬೇಕು. ನಾಪತ್ತೆ ದೂರುಗಳ ಲೆಕ್ಕ ಠಾಣೆಯಲ್ಲಿರುತ್ತದೆ. ಮಾಹಿತಿ ಹಕ್ಕಿನ ಅರ್ಜಿಯ ಶುಲ್ಕ ಹತ್ತು ರೂಪಾಯಿ.