ಕುಡಿತ ಬಿಟ್ಟ ಮೇಲೆ ಬರುವ ಗಾಬರಿ

ಕುಡಿಯುವುದನ್ನು ನಿಲ್ಲಿಸಿದರೆ ಸಾಕು, ನೆಮ್ಮದಿ ತಾನಾಗಿಯೇ ಬರುತ್ತದೆ ಎಂದು ಮನೆಯವರು ನಂಬಿರುತ್ತಾರೆ. ಬಿಟ್ಟವರಿಗೆ ಮೊದಲ ದಿನಗಳಲ್ಲಿ ಆಗುವುದು ಇದಕ್ಕೆ ತದ್ವಿರುದ್ಧ. ಎದೆ ಡವಡವ, ಅಂಗೈ ಬೆವರು, ರಾತ್ರಿಯಿಡೀ ಹೊರಳಾಟ. ಕಾಫಿ ಲೋಟ ತುಟಿಗೆ ಬರುವಷ್ಟರಲ್ಲಿ ಅರ್ಧ ಚೆಲ್ಲಿರುತ್ತದೆ. ಏನೋ ಕೆಟ್ಟದ್ದು ಆಗಲಿದೆ ಎಂಬ ದಿಗಿಲು, ಏನೆಂದು ಕೇಳಿದರೆ ಹೇಳಲು ಬಾರದು. ‘ಒಂದೇ ಒಂದು ನೈಂಟಿ ಹಾಕಿದ್ರೆ ಸರಿ ಹೋಗತ್ತೆ’ ಎಂದು ಅವರು ಹೇಳಿದರೆ ಅದು ಸುಳ್ಳೂ ಅಲ್ಲ. ಅರ್ಧ ಗಂಟೆಯಲ್ಲಿ ನಡುಕ ನಿಲ್ಲುತ್ತದೆ. ಬಿಟ್ಟವರು ಮತ್ತೆ ಹಿಡಿಯುವುದಕ್ಕೆ ಈ ಗಾಬರಿ ದೊಡ್ಡ ಕಾರಣ.

ಬೆಂಗಳೂರಿನ ಚಂದ್ರಾ ಲೇಔಟಿನಂಥ ಬಡಾವಣೆಯಲ್ಲಿ ಈ ಗಾಬರಿಗೆ ಮದ್ದು ಹುಡುಕಿ ಹೊರಟವರ ಮುಂದೆ ದಾರಿಗಳಿಗೇನೂ ಬರವಿಲ್ಲ. ಪಾರ್ಕಿನಲ್ಲಿ ಬೆಳಗಿನ ಪ್ರಾಣಾಯಾಮ, ಪರಿಚಯದವರು ಹೇಳುವ ಹತ್ತು ದಿನದ ಧ್ಯಾನ ಶಿಬಿರ, ಕಿವಿಗೆ ಸೂಜಿ ಚುಚ್ಚುವವರು, ಅಂಗಡಿಯ ಅರಿಷ್ಟದ ಬಾಟಲಿ, ‘ಅವರಿಗೆ ತಿಳಿಯದಂತೆ ಕುಡಿತ ಬಿಡಿಸುತ್ತೇವೆ’ ಎಂಬ ಕಂಬದ ಮೇಲಿನ ಚೀಟಿ. ಇವೆಲ್ಲವನ್ನೂ ಪರ್ಯಾಯ ಚಿಕಿತ್ಸೆ ಎಂದು ಒಂದೇ ಚೀಲಕ್ಕೆ ತುಂಬುವುದು ರೂಢಿ. ಪುರಾವೆಯ ಮಟ್ಟಿಗೆ ಇವುಗಳ ನಡುವೆ ಅಜಗಜಾಂತರ ಇದೆ.

ಮೊದಲು ಗಾಬರಿ ಎಲ್ಲಿಂದ ಬರುತ್ತದೆ ನೋಡೋಣ. ಮಿದುಳಿನಲ್ಲಿ ನರಕೋಶಗಳನ್ನು ಶಾಂತಗೊಳಿಸುವ ರಾಸಾಯನಿಕ ಗಾಬಾ, ಕೆರಳಿಸುವ ರಾಸಾಯನಿಕ ಗ್ಲುಟಮೇಟ್. ಇವೆರಡರ ನಡುವೆ ಸದಾ ಹಗ್ಗಜಗ್ಗಾಟ. ಮದ್ಯ ಗಾಬಾದ ಕಡೆ ಸೇರಿಕೊಂಡು ಹಗ್ಗ ಎಳೆಯುತ್ತದೆ. ವರ್ಷಗಟ್ಟಲೆ ಹೀಗೆ ನಡೆದರೆ ಮಿದುಳು ಸಮತೋಲ ಕಾಯಲು ಗ್ಲುಟಮೇಟ್ ಕಡೆಗೆ ಜನ ಸೇರಿಸುತ್ತದೆ, ಗಾಬಾದ ಕಡೆಯವರ ಪಟ್ಟು ಸಡಿಲಿಸುತ್ತದೆ. ಒಂದು ದಿನ ಮದ್ಯ ಹಗ್ಗ ಬಿಟ್ಟು ನಡೆದುಬಿಟ್ಟರೆ? ಎಲ್ಲವೂ ಒಂದೇ ಬದಿಗೆ ಧೊಪ್ಪನೆ ಬೀಳುತ್ತದೆ. ನಡುಕ, ನಿದ್ರಾಹೀನತೆ, ದಿಗಿಲು ಎಲ್ಲ ಆ ಬೀಳುವಿಕೆಯೇ. ಇದರ ಜೊತೆಗೆ ಒತ್ತಡದ ಹಾರ್ಮೋನುಗಳೂ ಏರಿರುತ್ತವೆ.

ಈ ಹಂತದಲ್ಲಿ ಯೋಗ, ಧ್ಯಾನ ಯಾವುದೂ ಬೇಡ, ಆಸ್ಪತ್ರೆ ಬೇಕು. ತುಂಬಾ ಕುಡಿಯುತ್ತಿದ್ದವರು ದಿಢೀರನೆ ನಿಲ್ಲಿಸಿದಾಗ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದೊಳಗೆ ಕೆಲವರಿಗೆ ಸನ್ನಿ ಹಿಡಿಯುತ್ತದೆ: ಇಲ್ಲದ್ದು ಕಾಣುತ್ತದೆ, ದಿಕ್ಕು ತಪ್ಪುತ್ತದೆ, ಜ್ವರ ಏರುತ್ತದೆ. ಚಿಕಿತ್ಸೆ ಸಿಗದಿದ್ದರೆ ಪ್ರಾಣವೇ ಹೋಗಬಹುದು. ಲೊರಾಜೆಪಾಮ್, ಡಯಾಜೆಪಾಮ್ ಥರದ ಔಷಧಗಳನ್ನು ಕೆಲವು ದಿನ ಕೊಟ್ಟು ನಿಧಾನಕ್ಕೆ ಇಳಿಸುವುದು, ಜೊತೆಗೆ ಥಯಮಿನ್, ಅಂದರೆ ಬಿ1 ಜೀವಸತ್ವ ಕೊಡುವುದು ಇಲ್ಲಿನ ಕ್ರಮ. ಮನೆಯಲ್ಲೇ ಕೂಡಿಹಾಕಿ ‘ಹಠ ಮಾಡಿ ಬಿಡಿಸಿದೆವು’ ಎನ್ನುವ ಶೌರ್ಯದ ಕಥೆಗಳನ್ನು ನಾನಂತೂ ಮೆಚ್ಚಲಾರೆ.

ಆ ಗಡಿ ದಾಟಿದ ಮೇಲಿನ ಗಾಬರಿ ಬೇರೆ ಬಗೆಯದು. ಬಹುಪಾಲು ಜನರಲ್ಲಿ ಅದು ಎರಡರಿಂದ ನಾಲ್ಕು ವಾರಗಳಲ್ಲಿ ತಾನಾಗಿಯೇ ತಗ್ಗುತ್ತದೆ. ಅಷ್ಟು ದಿನ ತಡೆದುಕೊಳ್ಳುವುದೇ ಕಷ್ಟ. ಉಸಿರಾಟದ ಅಭ್ಯಾಸಗಳು ನೆರವಿಗೆ ಬರುವುದು ಇಲ್ಲಿ, ಮತ್ತು ಇದನ್ನು ಪರೀಕ್ಷಿಸಿ ನೋಡಿದ ಮೊದಲಿಗರಲ್ಲಿ ನಮ್ಮೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ಸೇರಿದೆ. ಅಲ್ಲಿನ ಸಂಶೋಧಕರು 2000ರಲ್ಲಿ ತೀವ್ರ ಖಿನ್ನತೆಯ 45 ರೋಗಿಗಳ ಮೇಲೆ ಸುದರ್ಶನ ಕ್ರಿಯೆ ಎಂಬ ಉಸಿರಾಟದ ಅಭ್ಯಾಸವನ್ನು ವಿದ್ಯುತ್ ಚಿಕಿತ್ಸೆ ಮತ್ತು ಇಮಿಪ್ರಮಿನ್ ಮಾತ್ರೆಯ ಜೊತೆ ಹೋಲಿಸಿದ್ದರು. ಗೆದ್ದದ್ದು ವಿದ್ಯುತ್ ಚಿಕಿತ್ಸೆ. ಉಸಿರಿನ ಅಭ್ಯಾಸ ಮಾತ್ರೆಗೆ ಸರಿಸಾಟಿಯಾಗಿ ನಿಂತಿತು. ನಂತರ ವೇದಮೂರ್ತಾಚಾರ್, ಜಾನಕಿರಾಮಯ್ಯ, ಬಿ.ಎನ್. ಗಂಗಾಧರ್ ಮತ್ತಿತರರು ಅದನ್ನೇ ಮದ್ಯವ್ಯಸನಿಗಳಲ್ಲಿ ಪರೀಕ್ಷಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿದರು. 60 ಮಂದಿ, ಎಲ್ಲರೂ ಒಂದು ವಾರದ ವಿಷಹರಣ ಚಿಕಿತ್ಸೆ ಮುಗಿಸಿದವರು. ಅರ್ಧ ಜನರಿಗೆ ಮಾಮೂಲಿ ಚಿಕಿತ್ಸೆ, ಉಳಿದರ್ಧಕ್ಕೆ ಅದರ ಜೊತೆ ಎರಡು ವಾರ ಸುದರ್ಶನ ಕ್ರಿಯೆ. ಖಿನ್ನತೆಯ ಅಂಕ ಎರಡೂ ಗುಂಪಿನಲ್ಲಿ ಇಳಿಯಿತು, ಉಸಿರಿನ ಗುಂಪಿನಲ್ಲಿ ಹೆಚ್ಚು ಇಳಿಯಿತು. ರಕ್ತದಲ್ಲಿನ ಒತ್ತಡದ ಹಾರ್ಮೋನ್ ಕಾರ್ಟಿಸಾಲ್ ಮತ್ತು ಅದನ್ನು ಪ್ರಚೋದಿಸುವ ಹಾರ್ಮೋನ್ ಕೂಡ ಹಾಗೆಯೇ.

ಈ ಅಧ್ಯಯನವನ್ನು ಉಲ್ಲೇಖಿಸಿ ‘ಯೋಗದಿಂದ ಕುಡಿತ ಬಿಡಬಹುದೆಂದು ನಿಮ್ಹಾನ್ಸ್ ಸಾಬೀತು ಮಾಡಿದೆ’ ಎನ್ನುವವರಿದ್ದಾರೆ. ಅದು ಸಾಬೀತು ಮಾಡಿದ್ದು ಅದನ್ನಲ್ಲ. ಅಲ್ಲಿ ಅಳೆದದ್ದು ಮನಸ್ಥಿತಿ ಮತ್ತು ಹಾರ್ಮೋನ್, ಅದೂ ಎರಡು ವಾರ. ಆರು ತಿಂಗಳ ನಂತರ ಎಷ್ಟು ಜನ ಬಾರಿನತ್ತ ಹೋಗಲಿಲ್ಲ ಎಂಬುದು ಆ ಅಧ್ಯಯನದ ಪ್ರಶ್ನೆಯೇ ಆಗಿರಲಿಲ್ಲ. ಆದರೂ ಅದರ ಬೆಲೆ ದೊಡ್ಡದು, ಏಕೆಂದರೆ ಮತ್ತೆ ಕುಡಿಯಲು ಎಳೆಯುವ ಒತ್ತಡವನ್ನು ರಕ್ತದ ಪರೀಕ್ಷೆಯಲ್ಲೇ ಇಳಿಸಿ ತೋರಿಸಿತು. ಅಮೆರಿಕದ ಬೋಸ್ಟನ್ನಿನಲ್ಲಿ ಕ್ರಿಸ್ ಸ್ಟ್ರೀಟರ್ ತಂಡ 2010ರಲ್ಲಿ ಇನ್ನೊಂದು ಎಳೆ ಸೇರಿಸಿತು. 12 ವಾರ ಯೋಗಾಭ್ಯಾಸ ಮಾಡಿದವರನ್ನು ಅಷ್ಟೇ ಶ್ರಮದ ನಡಿಗೆ ಮಾಡಿದವರೊಂದಿಗೆ ಹೋಲಿಸಿದಾಗ ಯೋಗದ ಗುಂಪಿನಲ್ಲಿ ಆತಂಕ ಹೆಚ್ಚು ತಗ್ಗಿತ್ತು, ಮನಸ್ಥಿತಿ ಸುಧಾರಿಸಿದಂತೆಲ್ಲ ಮಿದುಳಿನ ಥಲಾಮಸ್ ಭಾಗದ ಗಾಬಾ ಕೂಡ ಏರಿತ್ತು. ಮದ್ಯ ಹಾಳು ಮಾಡುವುದೂ ಇದೇ ಗಾಬಾ ವ್ಯವಸ್ಥೆಯನ್ನು. ಆ ಅಧ್ಯಯನದಲ್ಲಿದ್ದವರು ವ್ಯಸನಿಗಳಲ್ಲ ಎಂಬುದನ್ನು ಮಾತ್ರ ಮರೆಯಬಾರದು.

ಉಸಿರಿಗೂ ಗಾಬರಿಗೂ ಏನು ನಂಟು? ನಾಡಿ ಹಿಡಿದು ಕೂತು ನೋಡಿ: ಉಸಿರು ಒಳಗೆ ಎಳೆದಾಗ ನಾಡಿ ತುಸು ಚುರುಕಾಗುತ್ತದೆ, ಬಿಟ್ಟಾಗ ನಿಧಾನವಾಗುತ್ತದೆ. ಬಿಡುವಾಗ ನಿಧಾನ ಮಾಡಿಸುವುದು ಮಿದುಳಿನಿಂದ ಹೃದಯಕ್ಕೆ ಇಳಿಯುವ ವೇಗಸ್ ನರ. ಆದ್ದರಿಂದ ಎಳೆಯುವುದಕ್ಕಿಂತ ಬಿಡುವುದನ್ನು ಉದ್ದ ಮಾಡಿದರೆ, ಸುಮಾರು ನಾಲ್ಕು ಎಣಿಸುತ್ತ ಎಳೆದು ಆರು ಎಣಿಸುತ್ತ ಬಿಟ್ಟರೆ, ನಿಮಿಷಕ್ಕೆ ಆರು ಉಸಿರು ಬೀಳುತ್ತವೆ ಮತ್ತು ಆ ನರದ ಕೆಲಸಕ್ಕೆ ಹೆಚ್ಚು ಅವಕಾಶ ಸಿಗುತ್ತದೆ. ಕುಡಿಯುವ ಸೆಳೆತ ಎದ್ದಾಗ ಬಸ್ ಸ್ಟ್ಯಾಂಡಿನಲ್ಲಿ ನಿಂತುಕೊಂಡೂ ಇದನ್ನು ಮಾಡಬಹುದು, ಕಾಸು ಖರ್ಚಿಲ್ಲ. ಭಸ್ತ್ರಿಕಾದಂಥ ವೇಗದ ಉಸಿರಾಟದ ಮಾತು ಬೇರೆ. ಫಿಟ್ಸ್ ಬಂದವರು, ಬಿಪಿ ಹತೋಟಿಯಲ್ಲಿ ಇಲ್ಲದವರು ವೈದ್ಯರನ್ನು ಕೇಳದೆ ಅದಕ್ಕೆ ಕೈ ಹಾಕಬಾರದು.

ಧ್ಯಾನಕ್ಕೆ ಬಂದರೆ, ವಿಪಶ್ಯನದಿಂದ ಪ್ರೇರಣೆ ಪಡೆದು ಅಮೆರಿಕದ ಸಿಯಾಟಲ್‌ನಲ್ಲಿ ಅಲನ್ ಮಾರ್ಲಾಟ್, ಸಾರಾ ಬೋವೆನ್ ಮುಂತಾದವರು ವ್ಯಸನಿಗಳಿಗಾಗಿಯೇ ರೂಪಿಸಿದ ಒಂದು ಪದ್ಧತಿ ಇದೆ. ಸೆಳೆತ ಎದ್ದಾಗ ಅದರೊಂದಿಗೆ ಗುದ್ದಾಡದೆ, ಅದು ಮೈಯಲ್ಲಿ ಎಲ್ಲಿ ಏಳುತ್ತದೆ, ಹೇಗೆ ಏರಿ ಹೇಗೆ ಇಳಿಯುತ್ತದೆ ಎಂದು ಗಮನಿಸುತ್ತ ಕೂರುವುದು ಇದರ ತಿರುಳು. 2014ರಲ್ಲಿ ಪ್ರಕಟವಾದ 286 ಜನರ ಪರೀಕ್ಷೆಯಲ್ಲಿ, ಒಂದು ವರ್ಷದ ನಂತರ ಈ ಪದ್ಧತಿ ಕಲಿತ ಗುಂಪಿನವರು ವಿಪರೀತ ಕುಡಿದ ದಿನಗಳು ಉಳಿದವರಿಗಿಂತ ಕಡಿಮೆ ಇದ್ದವು. ಹಾಗೆಂದು ಕುಡಿತ ಬಿಟ್ಟ ಹೊಸತರಲ್ಲೇ ಹತ್ತು ದಿನದ ಮೌನ ಶಿಬಿರಕ್ಕೆ ಸೇರಿಕೊಳ್ಳುವುದು ಜಾಣತನವಲ್ಲ. ಹಳೆಯ ಗಾಯ ಇದ್ದವರಿಗೆ ಆ ಮೌನದಲ್ಲಿ ಎಲ್ಲವೂ ಒಮ್ಮೆಗೇ ಮೇಲೇಳಬಹುದು.

ಆ ಹಳೆಯ ಗಾಯದ ವಿಷಯವನ್ನೇ ನಾವು ಸಾಕಷ್ಟು ಮಾತಾಡುವುದಿಲ್ಲ. ಕುಡಿದ ಅಪ್ಪ ಮಧ್ಯರಾತ್ರಿ ಬಾಗಿಲು ಬಡಿಯುವ ಸದ್ದಿಗೆ ಹೆದರಿ ಮಂಚದ ಕೆಳಗೆ ಸೇರಿಕೊಳ್ಳುತ್ತಿದ್ದ ಹುಡುಗ, ಮುಂದೆ ತಾನೇ ಕುಡಿದು ಬಾಗಿಲು ಬಡಿಯುವವನಾಗುವುದು ಅಪರೂಪವಲ್ಲ. ಅಪಘಾತ, ಲೈಂಗಿಕ ದೌರ್ಜನ್ಯ, ಮನೆಯೊಳಗಿನ ಹೊಡೆತ ಇಂಥವು ನೆನಪಿನಲ್ಲಿ ಸಾಮಾನ್ಯ ಘಟನೆಗಳಂತೆ ‘ಆಗಿಹೋದದ್ದು’ ಆಗಿ ಕೂರುವುದಿಲ್ಲ. ಚಿಲಕದ ಒಂದು ಸದ್ದಿಗೆ ಇಡೀ ಮೈ ಈಗಲೇ ನಡೆಯುತ್ತಿದೆ ಎಂಬಂತೆ ಬೆವರುತ್ತದೆ. ಎಷ್ಟೋ ಜನ ಕುಡಿಯುವುದು ಆ ಬೆವರನ್ನು ನಿಲ್ಲಿಸಲು.

ಇಲ್ಲಿ ವಿಚಿತ್ರವಾಗಿ ಕಾಣುವ ಒಂದು ಚಿಕಿತ್ಸೆ ಮುಖ್ಯವಾಹಿನಿಗೆ ಬಂದಿದೆ. ಇಎಂಡಿಆರ್ ಎಂದು ಅದರ ಹೆಸರು. 1987ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆ ಫ್ರಾನ್ಸೀನ್ ಶಪಿರೊ ಪಾರ್ಕಿನಲ್ಲಿ ನಡೆಯುತ್ತಿದ್ದಾಗ, ಕಣ್ಣು ಅತ್ತಿತ್ತ ಆಡಿದಂತೆ ಕಾಡುವ ಯೋಚನೆಗಳ ತೀವ್ರತೆ ತಗ್ಗುವುದನ್ನು ಗಮನಿಸಿದರು. ಚಿಕಿತ್ಸೆಯಲ್ಲಿ ರೋಗಿ ನೋವಿನ ದೃಶ್ಯವನ್ನು ಮನಸ್ಸಿನಲ್ಲಿ ಹಿಡಿದುಕೊಂಡೇ ಚಿಕಿತ್ಸಕರ ಬೆರಳಿನ ಚಲನೆಯನ್ನು ಕಣ್ಣಿನಿಂದ ಹಿಂಬಾಲಿಸಬೇಕು. ಕೇಳಿದರೆ ಮಂತ್ರವಾದಿಯ ಕೆಲಸದಂತಿದೆ. ಆದರೆ ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಆಘಾತೋತ್ತರ ಒತ್ತಡಕ್ಕೆ ಶಿಫಾರಸು ಮಾಡಿದ ಚಿಕಿತ್ಸೆಗಳಲ್ಲಿ ಇದೂ ಒಂದು. ಒಂದು ವಿವರಣೆ ಹೀಗಿದೆ: ನಮ್ಮ ತಾತ್ಕಾಲಿಕ ಸ್ಮೃತಿಯ ಜಾಗ ಚಿಕ್ಕದು, ಅದರ ಒಂದು ಪಾಲನ್ನು ಕಣ್ಣಿನ ಚಲನೆ ತಿಂದರೆ ನೆನಪು ಮಂಕಾಗುತ್ತದೆ, ಮಂಕಾದ ರೂಪದಲ್ಲೇ ಮತ್ತೆ ದಾಖಲಾಗುತ್ತದೆ. ಕಣ್ಣಿನ ಚಲನೆ ನಿಜಕ್ಕೂ ಬೇಕೇ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಕುಡಿಯುವ ಸೆಳೆತದ ಮೇಲೇ ಇದನ್ನು ನೇರವಾಗಿ ಪ್ರಯೋಗಿಸಿದ ನೆದರ್ಲೆಂಡ್ಸ್‌ನವರಿಗೆ ಹೆಚ್ಚಿನ ಲಾಭ ಕಾಣಲಿಲ್ಲ. ಗಾಯಕ್ಕೆ ಮದ್ದು, ಚಟಕ್ಕಲ್ಲ.

‘ಹಳೆಯದನ್ನು ಕೆದಕಿದರೆ ಮತ್ತೆ ಕುಡಿಯುತ್ತಾರೆ’ ಎಂಬ ಭಯ ಚಿಕಿತ್ಸಕರಲ್ಲೂ ಬಹಳ ಕಾಲ ಇತ್ತು. ಆಸ್ಟ್ರೇಲಿಯಾದಲ್ಲಿ ವ್ಯಸನ ಮತ್ತು ಆಘಾತ ಎರಡೂ ಇದ್ದ 103 ಜನರಲ್ಲಿ ಒಂದು ಗುಂಪಿಗೆ ಎರಡಕ್ಕೂ ಒಟ್ಟಿಗೆ ಚಿಕಿತ್ಸೆ ಕೊಟ್ಟು ನೋಡಿದ ಪರೀಕ್ಷೆ 2012ರಲ್ಲಿ ಪ್ರಕಟವಾಯಿತು. ಬರೀ ಮಾಮೂಲಿ ಚಿಕಿತ್ಸೆ ಪಡೆದವರಿಗಿಂತ ಅವರ ಆಘಾತದ ಲಕ್ಷಣಗಳು ಹೆಚ್ಚು ಇಳಿದವು, ಮಾದಕ ಸೇವನೆ ಹೆಚ್ಚಾಗಲಿಲ್ಲ. ‘ಮೊದಲು ಕುಡಿತ ಬಿಡಲಿ, ಮಿಕ್ಕಿದ್ದು ಆಮೇಲೆ’ ಎಂದು ವರ್ಷಗಟ್ಟಲೆ ಕಾಯಿಸುವುದಕ್ಕೆ ಸಮರ್ಥನೆ ಇಲ್ಲ.

ಮೊದಲು ಹೇಳಿದ ಸೂಜಿಗೆ ಬಂದರೆ, ಕಿವಿಗೆ ಐದು ಸೂಜಿ ಚುಚ್ಚುವ ಪದ್ಧತಿ 1970ರ ದಶಕದಲ್ಲಿ ನ್ಯೂಯಾರ್ಕಿನ ಲಿಂಕನ್ ಆಸ್ಪತ್ರೆಯಿಂದ ಜಗತ್ತಿಗೆ ಹಬ್ಬಿತು. 2002ರಲ್ಲಿ ಪ್ರಕಟವಾದ, 503 ಮದ್ಯವ್ಯಸನಿಗಳ ಪರೀಕ್ಷೆಯಲ್ಲಿ ಸರಿಯಾದ ಜಾಗಕ್ಕೆ ಚುಚ್ಚಿದರೂ, ತಪ್ಪು ಜಾಗಕ್ಕೆ ಚುಚ್ಚಿದರೂ, ಚುಚ್ಚದೇ ಇದ್ದರೂ ಕುಡಿತದ ವಿಷಯದಲ್ಲಿ ವ್ಯತ್ಯಾಸ ಕಾಣಲಿಲ್ಲ. ಅದಕ್ಕೆ ದುಡ್ಡು ಸುರಿಯಬೇಡಿ.

ಅರಿಷ್ಟದ ಬಾಟಲಿಯ ಬಗ್ಗೆ ಎಚ್ಚರ ಬೇಕೇ ಬೇಕು. ನಿದ್ದೆಗೆ, ನರದೌರ್ಬಲ್ಯಕ್ಕೆ ಎಂದು ಅಶ್ವಗಂಧಾರಿಷ್ಟ ಕುಡಿಸುವ ಮನೆಗಳಿವೆ. ಲೇಬಲ್ಲಿನ ಸಣ್ಣ ಅಕ್ಷರ ಓದಿ: ಆಸವ, ಅರಿಷ್ಟಗಳು ಹುದುಗಿ ತಯಾರಾಗುವಂಥವು, ಅವುಗಳಲ್ಲಿ ತಾನಾಗಿ ಹುಟ್ಟಿದ ಮದ್ಯಸಾರ ಇರುತ್ತದೆ. ಕುಡಿತ ಬಿಡಲು ಕೊಡುವ ಡೈಸಲ್ಫಿರಾಮ್ ಮಾತ್ರೆ ನುಂಗುತ್ತಿರುವವರು ಇದನ್ನು ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ಬಿಪಿ ಕುಸಿಯಬಹುದು. ಚೂರ್ಣ, ಮಾತ್ರೆಯ ರೂಪದ ಅಶ್ವಗಂಧದಿಂದಲೂ ಕೆಲವರ ಯಕೃತ್ತಿಗೆ ಪೆಟ್ಟು ಬಿದ್ದ ವರದಿಗಳಿವೆ. ಕುಡಿದು ಕುಡಿದು ಮೊದಲೇ ಸೊರಗಿದ ಯಕೃತ್ತದು. ಇನ್ನು ಊಟದಲ್ಲಿ ಗುಟ್ಟಾಗಿ ಬೆರೆಸುವ ಪುಡಿ: ಒಳಗೆ ಏನಿದೆಯೆಂದು ಗೊತ್ತಿಲ್ಲದ್ದನ್ನು ಗೊತ್ತಿಲ್ಲದವನಿಗೆ ತಿನ್ನಿಸುವುದು ಅಪರಾಧಕ್ಕೆ ಸಮ ಎಂದೇ ನನ್ನ ಅಭಿಪ್ರಾಯ.

ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯದ 2019ರ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಮದ್ಯಕ್ಕೆ ಅಂಟಿಕೊಂಡ 38 ಜನರಲ್ಲಿ ಒಬ್ಬರಿಗಷ್ಟೇ ಯಾವುದಾದರೊಂದು ಚಿಕಿತ್ಸೆ ಸಿಕ್ಕಿದೆ. ಚಂದ್ರಾ ಲೇಔಟಿನವರಿಗೆ ಆ ಒಬ್ಬರಾಗುವುದು ಕಷ್ಟವಲ್ಲ. ಅತ್ತಿಗುಪ್ಪೆಯಲ್ಲಿ ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಿಸಿ ಲಾಲ್‌ಬಾಗ್‌ನಲ್ಲಿ ಇಳಿದರೆ ನಿಮ್ಹಾನ್ಸ್‌ಗೆ ಆಟೋ ಸಿಗುತ್ತದೆ. ವ್ಯಸನ ಚಿಕಿತ್ಸೆಗೆ ಅಲ್ಲಿ ಪ್ರತ್ಯೇಕ ಕೇಂದ್ರವಿದೆ, ಯೋಗಕ್ಕೂ ವಿಭಾಗವಿದೆ. ಹೋಗಲು ಮುಜುಗರವಾದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿ. ಸಂಖ್ಯೆ 14416, ಹಗಲೂ ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಕುಡಿಯುವವರು ಮಾತ್ರವಲ್ಲ, ಅವರೊಂದಿಗೆ ಬದುಕುತ್ತಿರುವವರೂ ಕರೆ ಮಾಡಬಹುದು.