ಚಳಿಗಾಲದ ಗಾಲ್ಫ್: ಊರು ಆರಿಸುವ ಮೊದಲು ಹುಲ್ಲು ನೋಡಿ

ಮಂಗಳೂರಿನ ಚಿಕ್ಕಮ್ಮನಿಗೆ ಫೋನಿನಲ್ಲಿ, "ಡಿಸೆಂಬರಿನಲ್ಲಿ ನಾವು ನಾಲ್ಕು ಜನ ಗಾಲ್ಫಿಗೆ ಹೋಗುತ್ತಿದ್ದೇವೆ" ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಗಲ್ಫಿಗಾ? ಯಾಕೆ ಮಾರಾಯ, ಅಲ್ಲಿಯ ಕೆಲಸ ಹೋಯಿತಾ?" ಇಂಗ್ಲೆಂಡಿನ ಕೆಲಸ ಇದೆ, ಹೋಗುತ್ತಿರುವುದು ಚೆಂಡು ಹೊಡೆಯುವುದಕ್ಕೆ ಎಂದು ಬಿಡಿಸಿ ಹೇಳಿದ ಮೇಲೆ ಅವರ ಗೊಂದಲ ಇನ್ನೂ ಹೆಚ್ಚಾಯಿತು. ಚೆಂಡು ಹೊಡೆಯಲು ವಿಮಾನ ಯಾಕೆ ಹತ್ತಬೇಕು?

ಕೇಳಿದ್ದರಲ್ಲಿ ತಪ್ಪಿಲ್ಲ. ಉತ್ತರ ಯುರೋಪಿನ ಚಳಿಗಾಲ ಕಾಣದವರಿಗೆ ಇದು ದುಡ್ಡು ಹೆಚ್ಚಾದವರ ಹುಚ್ಚು ಎನಿಸುತ್ತದೆ (ಸ್ವಲ್ಪ ಹೌದು ಕೂಡ). ನವೆಂಬರಿನಿಂದ ಮಾರ್ಚಿನವರೆಗೆ ನಮ್ಮ ಕಡೆಯ ಮೈದಾನಗಳ ಜೇಡಿಮಣ್ಣು ನೀರು ಕುಡಿದು ಅಂಟು ಕೆಸರಾಗಿರುತ್ತದೆ. ಮಳೆ ಬಿಟ್ಟ ದಿನ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿರುತ್ತದೆ. ಎಸಳಿನೊಳಗಿನ ನೀರೂ ಆಗ ಮಂಜುಗಡ್ಡೆಯಾಗಿರುವುದರಿಂದ ಕಾಲಿಟ್ಟರೆ ಜೀವಕೋಶಗಳು ಒಡೆಯುತ್ತವೆ. ಎರಡು ದಿನ ಬಿಟ್ಟು ನೋಡಿದರೆ ಹೆಜ್ಜೆ ಬಿದ್ದಲ್ಲೆಲ್ಲ ಕಂದು ಗುರುತು. ಹಾಗಾಗಿ ಗ್ರೀನಿಗೆ, ಅಂದರೆ ಕುಳಿ ಇರುವ ನುಣುಪು ಹುಲ್ಲಿನ ಜಾಗಕ್ಕೆ, ಹಗ್ಗ ಕಟ್ಟಿಬಿಡುತ್ತಾರೆ. ಅದರ ಮುಂದೆ ಒರಟು ಹುಲ್ಲಿನಲ್ಲೇ ಇನ್ನೊಂದು ಕುಳಿ ತೋಡಿ 'ಟೆಂಪರರಿ ಗ್ರೀನ್' ಎನ್ನುತ್ತಾರೆ. ಅದರ ಮೇಲೆ ಪಟ್ ಮಾಡುವುದು, ಅಂದರೆ ಚೆಂಡನ್ನು ಮೆಲ್ಲಗೆ ಕುಳಿಗೆ ಉರುಳಿಸುವುದು, ಕಂಬಳದ ಗದ್ದೆಯಲ್ಲಿ ಕೇರಂ ಆಡಿದ ಹಾಗೆ.

ಆದ್ದರಿಂದ ದಕ್ಷಿಣಕ್ಕೆ ಹೊರಡುತ್ತೇವೆ. ಪೋರ್ಚುಗಲ್‌ನ ಅಲ್ಗಾರ್ವ್, ಸ್ಪೇನಿನ ಕೋಸ್ಟಾ ಡೆಲ್ ಸೋಲ್, ಕ್ಯಾನರಿ ದ್ವೀಪಗಳು, ಮೊರಾಕ್ಕೊದ ಮರ್ರಾಕೇಶ್, ಇನ್ನೂ ದೂರ ಹೋಗುವವರಿಗೆ ದುಬೈ. ಇವುಗಳಲ್ಲಿ ಯಾವುದು? ಬಹಳ ಜನ ಕರಪತ್ರದಲ್ಲಿ ಬರೆದ ತಾಪಮಾನ ನೋಡಿ ಆರಿಸುತ್ತಾರೆ, ಮೊದಲ ಬೆಳಿಗ್ಗೆಯೇ ಪಶ್ಚಾತ್ತಾಪ ಪಡುತ್ತಾರೆ. 'ಜನವರಿ: 18 ಡಿಗ್ರಿ' ಎಂದು ಅಚ್ಚು ಹಾಕಿದ್ದರೆ ಅದು ಮಧ್ಯಾಹ್ನ ಎರಡೂವರೆಯ ಹೊತ್ತಿನ ಸರಾಸರಿ ಗರಿಷ್ಠ. ನಿಮಗೆ ಆಟ ಶುರುಮಾಡಲು ಕೊಟ್ಟ ಟೀ ಟೈಮ್ ಬೆಳಿಗ್ಗೆ ಎಂಟೂವರೆ. ಮರ್ರಾಕೇಶಿನಲ್ಲಿ ಹಗಲು 18 ಇದ್ದರೂ ಜನವರಿಯ ಬೆಳಗಿನ ಜಾವ 6ರ ಆಸುಪಾಸಿಗೆ ಇಳಿದಿರುತ್ತದೆ. ಕೈಬೆರಳು ಮರಗಟ್ಟಿರುವಾಗ ಮೊದಲ ನಾಲ್ಕು ಹೋಲ್ ಹೇಗೆ ಆಡಿದಿರಿ ಎಂಬುದು ಸ್ಕೋರ್‌ಕಾರ್ಡಿನಲ್ಲಿ ಗೊತ್ತಾಗುತ್ತದೆ. ತಂಪು ಗಾಳಿ ಹೆಚ್ಚು ಸಾಂದ್ರವಾದ್ದರಿಂದ ಚೆಂಡು ಹಾರುವ ದೂರವೂ ಕಡಿಮೆಯಾಗುತ್ತದೆ. ಊರನ್ನು ಅಳೆಯಬೇಕಾದದ್ದು ಕನಿಷ್ಠ ತಾಪಮಾನದಿಂದ.

ಎರಡನೆಯದು ಬೆಳಕು. ಇದನ್ನು ಕರಪತ್ರಗಳು ಹೇಳುವುದೇ ಇಲ್ಲ. 18 ಹೋಲ್ ಆಡಲು ನಾಲ್ಕು, ನಾಲ್ಕೂವರೆ ಗಂಟೆ ಬೇಕು. ಮೈದಾನ ತುಂಬಿದ್ದರೆ ಐದು. ಡಿಸೆಂಬರ್ ಮೂರನೇ ವಾರದಲ್ಲಿ ಲಂಡನ್ನಿನ ಹಗಲು ಎಂಟು ಗಂಟೆಯೂ ಇಲ್ಲ. ಅಲ್ಗಾರ್ವ್‌ನಲ್ಲಿ ಒಂಬತ್ತೂವರೆ, ದಕ್ಷಿಣ ಟೆನೆರಿಫ್‌ನಲ್ಲಿ ಸುಮಾರು 10 ಗಂಟೆ 20 ನಿಮಿಷ, ದುಬೈನಲ್ಲಿ ಹತ್ತೂವರೆ. ಹಗಲಿನ ಉದ್ದ ಒಂದೇ ಆದರೂ ಗಡಿಯಾರ ಬೇರೆಯಾದರೆ ದಿನವೇ ಬೇರೆಯಾಗುತ್ತದೆ. ಪೋರ್ಚುಗಲ್‌ನ ಫಾರೋ ಮತ್ತು ಸ್ಪೇನಿನ ಮಲಗಾ ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ. ಆದರೆ ಪೋರ್ಚುಗಲ್ ಲಂಡನ್ನಿನ ಸಮಯ ಇಟ್ಟುಕೊಂಡಿದೆ, ಸ್ಪೇನಿನ ಮುಖ್ಯ ಭೂಭಾಗ ಒಂದು ಗಂಟೆ ಮುಂದಿದೆ. ಹಾಗಾಗಿ ಡಿಸೆಂಬರಿನಲ್ಲಿ ಫಾರೋದಲ್ಲಿ ಸಂಜೆ ಐದೂಕಾಲಿಗೆ ಸೂರ್ಯ ಮುಳುಗಿದರೆ ಮಲಗಾದಲ್ಲಿ ಆರು ದಾಟಿರುತ್ತದೆ. ಅದಕ್ಕೆ ಪ್ರತಿಯಾಗಿ ಮಲಗಾದಲ್ಲಿ ಎಂಟೂಕಾಲು ಕಳೆಯದೆ ಸೂರ್ಯ ಏಳುವುದಿಲ್ಲ. ಬೆಳಿಗ್ಗೆ ಬೇಗ ಏಳುವ ಗುಂಪಿಗೆ ಪೋರ್ಚುಗಲ್, ತಡವಾಗಿ ಎದ್ದು ನಿಧಾನವಾಗಿ ತಿಂಡಿ ಮುಗಿಸುವವರಿಗೆ ಸ್ಪೇನ್. ಸಂಜೆ ಆಡುವವರಿಗೆ 'ಟ್ವಿಲೈಟ್' ಎಂಬ ಅಗ್ಗದ ದರ ಇರುತ್ತದೆ. ಚಳಿಗಾಲದಲ್ಲಿ ಅದನ್ನು ನಂಬಿ ಹಣ ಕಟ್ಟಿದರೆ ಹದಿಮೂರನೇ ಹೋಲಿನಲ್ಲಿ ಮೊಬೈಲ್ ಟಾರ್ಚು ಹಚ್ಚಿ ಚೆಂಡು ಹುಡುಕಬೇಕಾದೀತು. ಹುಡುಕಿದ್ದೇವೆ.

ಇನ್ನು ಹುಲ್ಲು. ನನ್ನ ಪ್ರಕಾರ ಎಲ್ಲಕ್ಕಿಂತ ಮೊದಲು ಕೇಳಬೇಕಾದದ್ದು ಇದು, ಎಲ್ಲರೂ ಕೊನೆಗೆ ಕೇಳುವುದೂ ಇದನ್ನೇ.

ಬಿಸಿಲಿನ ದೇಶಗಳ ಮೈದಾನಗಳಲ್ಲಿ ಹೆಚ್ಚಾಗಿ ಬೆಳೆಸುವುದು ಬರ್ಮುಡಾ ಹುಲ್ಲು. ಹೆಸರು ಕೇಳಿ ದೂರದ್ದು ಅಂದುಕೊಳ್ಳಬೇಡಿ. ಸಸ್ಯಶಾಸ್ತ್ರ ಅದನ್ನು ಸೈನೋಡಾನ್ ಡ್ಯಾಕ್ಟಿಲಾನ್ ಎನ್ನುತ್ತದೆ, ನಾವು ಗರಿಕೆ ಎನ್ನುತ್ತೇವೆ. ಚೌತಿಯ ದಿನ ಗಣಪತಿಗೆ ಏರಿಸುವ ಅದೇ ಗರಿಕೆ. ಅಮೆರಿಕದ ಜಾರ್ಜಿಯಾ ರಾಜ್ಯದ ಟಿಫ್ಟನ್ ಎಂಬ ಊರಿನ ಕೃಷಿ ಸಂಶೋಧನಾ ಕೇಂದ್ರದಲ್ಲಿ ಗ್ಲೆನ್ ಬರ್ಟನ್ ಎಂಬ ತಳಿವಿಜ್ಞಾನಿ ಈ ಗರಿಕೆಯನ್ನು ಅದರ ಆಫ್ರಿಕದ ದಾಯಾದಿಯೊಂದಿಗೆ ಕೂಡಿಸಿ ಎಳೆ ಸಣ್ಣಗಿರುವ, ಒತ್ತಾಗಿ ಹಬ್ಬುವ ತಳಿಗಳನ್ನು ಮಾಡಿದರು. 1956ರಲ್ಲಿ ಟಿಫ್‌ಗ್ರೀನ್, 1960ರಲ್ಲಿ ಟಿಫ್‌ವೇ ಬಂದವು. ಜಗತ್ತಿನ ಬಿಸಿನಾಡಿನ ಗಾಲ್ಫ್ ಬಹುಮಟ್ಟಿಗೆ ಈ ಸಂತಾನದ ಮೇಲೆ ನಿಂತಿದೆ.

ಗರಿಕೆಯ ಸ್ವಭಾವ ನಮಗೆ ಗೊತ್ತಿರುವುದೇ. ಬೇಸಿಗೆ ಎಷ್ಟು ಸುಟ್ಟರೂ ಸಾಯುವುದಿಲ್ಲ, ಒಂದು ಮಳೆಗೆ ಮತ್ತೆ ಚಿಗುರುತ್ತದೆ. ಅದಕ್ಕೆ ಆಗದಿರುವುದು ಚಳಿ. ಮಣ್ಣಿನ ತಾಪ ಸುಮಾರು 10 ಡಿಗ್ರಿಗಿಂತ ಕೆಳಗಿಳಿದರೆ ಬೆಳವಣಿಗೆ ನಿಲ್ಲಿಸಿ, ಹಸಿರು ಬಿಟ್ಟು, ಒಣ ಹುಲ್ಲಿನ ಬಣ್ಣಕ್ಕೆ ತಿರುಗಿ ನಿದ್ದೆ ಹೋಗುತ್ತದೆ. ನಿದ್ದೆಯಲ್ಲಿರುವ ಹುಲ್ಲಿನ ಮೇಲೂ ಆಡಬಹುದು, ಆದರೆ ಚೆಂಡು ಎಸಳಿನ ಮೇಲೆ ಕೂರದೆ ನೆಲಕ್ಕೆ ಅಂಟಿಕೊಳ್ಳುತ್ತದೆ. ಬ್ಯಾಟಿನ ತುದಿ ಒಂದಿಷ್ಟು ಹಿಂದೆ ತಾಗಿದರೂ ಹೊಡೆತ ಕೆಡುತ್ತದೆ. (ಕ್ಲಬ್ ಎನ್ನಬೇಕಾದಲ್ಲಿ ಬ್ಯಾಟು ಎಂದದ್ದಕ್ಕೆ ಕ್ಷಮೆ ಇರಲಿ, ಬಾಲ್ಯದ ಕ್ರಿಕೆಟ್ ಬಿಡುವುದಿಲ್ಲ.) ಉದ್ದಗಲಕ್ಕೂ ಕಂದಾದ ಮೈದಾನಕ್ಕೆ ಪೂರ್ತಿ ದರ ಕೊಟ್ಟು ನಿಂತಾಗ ಹೊಟ್ಟೆ ಉರಿಯುವುದಂತೂ ಖಂಡಿತ.

ಇದಕ್ಕೆ ಮೈದಾನದವರು ಕಂಡುಕೊಂಡ ಉಪಾಯ ಓವರ್‌ಸೀಡಿಂಗ್. ಶರತ್ಕಾಲದಲ್ಲಿ ಗರಿಕೆಯನ್ನು ಬೋಳಾಗುವಂತೆ ಕತ್ತರಿಸಿ, ಅದರ ಮೇಲೆ ಚಳಿ ತಡೆಯುವ ರೈ ಹುಲ್ಲಿನ ಬೀಜ ಚೆಲ್ಲಿ, ನೀರು ಕೊಟ್ಟು ಬೆಳೆಸುತ್ತಾರೆ. ಒಂದರ ಮೇಲೊಂದು ಬೆಳೆ. ಬೇಸಿಗೆ ಬಂದಾಗ ರೈ ಸಾಯುತ್ತದೆ, ಗರಿಕೆ ಏಳುತ್ತದೆ. ಏಪ್ರಿಲ್‌ನಲ್ಲಿ ಮಾಸ್ಟರ್ಸ್ ಟೂರ್ನಿ ನಡೆಯುವಾಗ ಟಿವಿಯಲ್ಲಿ ಕಾಣುವ ಆಗಸ್ಟಾದ ಆ ಪಚ್ಚೆ ಬಣ್ಣ ರೈ ಹುಲ್ಲಿನದ್ದೇ. ಆದರೆ ಬೀಜ ಮೊಳೆಯುವಾಗ ಮೈದಾನ ಮುಚ್ಚಬೇಕು. ಅರಿಜೋನಾದಲ್ಲಿ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ವಾರಗಟ್ಟಲೆ ಬಾಗಿಲು ಹಾಕುತ್ತಾರೆ. ತೆರೆದ ಮೇಲೂ ಕೆಲ ಕಾಲ ಬಗ್ಗಿಯನ್ನು, ಅಂದರೆ ಆಟಗಾರರನ್ನು ಒಯ್ಯುವ ಪುಟ್ಟ ಗಾಡಿಯನ್ನು, ಡಾಂಬರು ದಾರಿ ಬಿಟ್ಟು ಇಳಿಸುವಂತಿಲ್ಲ. ಮಂಡಿ ನೋವಿನವರಿಗೆ ಇದು ಸಣ್ಣ ವಿಷಯವಲ್ಲ: ಪ್ರತಿ ಹೊಡೆತಕ್ಕೂ ದಾರಿಯಿಂದ ಚೆಂಡಿನವರೆಗೆ, ಚೆಂಡಿನಿಂದ ದಾರಿಗೆ ನಡೆಯಬೇಕು. ಅಲ್ಗಾರ್ವ್ ಮತ್ತು ಕೋಸ್ಟಾ ಡೆಲ್ ಸೋಲ್‌ನಲ್ಲಿ ಕೆಲವರು ಬೀಜ ಚೆಲ್ಲುತ್ತಾರೆ, ಕೆಲವರು ಖರ್ಚು ಉಳಿಸುತ್ತಾರೆ. ಒಂದೇ ರಸ್ತೆಯ ಎರಡು ಮೈದಾನಗಳಲ್ಲಿ ಒಂದು ಹಸಿರು, ಇನ್ನೊಂದು ಕಂದು ಇರಬಹುದು.

ಹುಲ್ಲಿನ ಮಾತಿನಲ್ಲೇ ಇನ್ನೊಂದು. ಗ್ರೀನಿನ ಮಣ್ಣು ಉಸಿರಾಡಲೆಂದು ವರ್ಷಕ್ಕೆ ಒಂದೆರಡು ಸಲ ಯಂತ್ರದಿಂದ ಸಾವಿರಾರು ತೂತು ಹೊಡೆದು ಮರಳು ತುಂಬುತ್ತಾರೆ. ಗಾಯ ಮಾಯಲು ಎರಡು ವಾರ ಬೇಕು. ಒಂದು ನವೆಂಬರಿನಲ್ಲಿ ನಾವು ಮುಂಗಡ ಹಣ ಕಟ್ಟಿ ಹೋದ ಮೈದಾನದಲ್ಲಿ ಹಿಂದಿನ ದಿನವಷ್ಟೇ ಈ ಕೆಲಸ ಆಗಿತ್ತು. ಚೆಂಡು ರವೆಯ ಮೇಲೆ ಗೋಲಿ ಉರುಳಿದ ಹಾಗೆ ತಡೆತಡೆದು ಹೋಯಿತು. ಕೌಂಟರಿನಲ್ಲಿ ಕೇಳಿದರೆ, "ನೀವು ಕೇಳಲಿಲ್ಲವಲ್ಲ" ಎಂದರು. ನಾವು ಕೇಳಿರಲಿಲ್ಲ, ನಿಜ.

ಊರುಗಳ ವಿಷಯಕ್ಕೆ ಬರೋಣ. ಅಲ್ಗಾರ್ವ್‌ನ ಗಾಲ್ಫ್ ಶುರುವಾದದ್ದು ಭತ್ತದ ಗದ್ದೆಯಲ್ಲಿ. ಬ್ರಿಟಿಷ್ ಓಪನ್ ಅನ್ನು ಮೂರು ಸಲ (1934, 1937, 1948) ಗೆದ್ದ ಹೆನ್ರಿ ಕಾಟನ್, ಪೆನೀನಾ ಎಂಬಲ್ಲಿ ಜೌಗು ಗದ್ದೆಗಳಲ್ಲಿ ಸಾವಿರಾರು ಮರ ನೆಟ್ಟು ನೀರು ಹೀರಿಸಿ, 1966ರಲ್ಲಿ ಮೈದಾನ ತೆರೆದರು. ಇವತ್ತು ಆ ಕರಾವಳಿಯಲ್ಲಿ ಸುಮಾರು ನಲವತ್ತು ಮೈದಾನಗಳಿವೆ. ಲಂಡನ್ನಿನಿಂದ ಮೂರು ಗಂಟೆಯೊಳಗಿನ ಹಾರಾಟ, ಜನವರಿ ಹಗಲು 16 ಡಿಗ್ರಿ. ತೊಂದರೆ ಮಳೆ. ಮೆಡಿಟರೇನಿಯನ್ ಹವಾಮಾನದ ಮಳೆಗಾಲ ನಮ್ಮದಕ್ಕೆ ತದ್ವಿರುದ್ಧ. ಜೂನ್, ಜುಲೈ ಒಣಗಿರುತ್ತವೆ, ನವೆಂಬರ್, ಡಿಸೆಂಬರ್‌ನಲ್ಲಿ ಸುರಿಯುತ್ತದೆ. ಕೋಸ್ಟಾ ಡೆಲ್ ಸೋಲ್‌ನದೂ ಇದೇ ಕತೆ, ಹಿಂದಿನ ಬೆಟ್ಟಗಳು ಉತ್ತರದ ಗಾಳಿ ತಡೆಯುವುದರಿಂದ ಒಂದು ಡಿಗ್ರಿ ಬೆಚ್ಚಗೆ ಅಷ್ಟೆ. ಅಲ್ಲೇ ಪಶ್ಚಿಮಕ್ಕಿರುವ ವಾಲ್ಡೆರಾಮಾದಲ್ಲಿ 1997ರ ರೈಡರ್ ಕಪ್ ಟೂರ್ನಿ ನಡೆದಾಗ, ಸೆಪ್ಟೆಂಬರ್ ಕೊನೆಯಾದರೂ, ಮೊದಲ ಬೆಳಿಗ್ಗೆಯೇ ಮಳೆ ಹೊಡೆದು ಆಟ ತಡವಾಗಿತ್ತು. ಈ ಎರಡು ಕರಾವಳಿಗಳಿಗೆ ಹೋಗುವುದಾದರೆ ಡಿಸೆಂಬರ್ ಬಿಟ್ಟು ಫೆಬ್ರವರಿ ಕೊನೆ, ಮಾರ್ಚ್ ಆರಿಸಿ. ಹಗಲೂ ಉದ್ದವಾಗಿರುತ್ತದೆ, ಹುಲ್ಲೂ ಎಚ್ಚರಾಗತೊಡಗಿರುತ್ತದೆ.

ನಡುಚಳಿಗಾಲದಲ್ಲೇ ಹೋಗಬೇಕು ಎನ್ನುವವರಿಗೆ ಯುರೋಪಿನಲ್ಲಿ ನಿಜವಾಗಿ ಉಳಿಯುವುದು ಕ್ಯಾನರಿ ದ್ವೀಪಗಳು. ರಾಜಕೀಯವಾಗಿ ಸ್ಪೇನ್, ಭೂಗೋಳದಲ್ಲಿ ಆಫ್ರಿಕದ ನೆರೆ. ಸ್ಪೇನಿನ ಅತಿ ಹಳೆಯ ಗಾಲ್ಫ್ ಕ್ಲಬ್ ಇರುವುದೂ ಇಲ್ಲೇ: 1891ರಲ್ಲಿ ಲಾಸ್ ಪಾಲ್ಮಾಸ್‌ನಲ್ಲಿ ಬ್ರಿಟಿಷರು ಕಟ್ಟಿದ್ದು. ಟೆನೆರಿಫ್ ದ್ವೀಪವನ್ನು ಅರ್ಥ ಮಾಡಿಕೊಳ್ಳಲು ಕರ್ನಾಟಕದವರಿಗೆ ನಕ್ಷೆ ಬೇಡ. ನಡುವೆ 3,715 ಮೀಟರ್ ಎತ್ತರದ ಟೇಡೆ ಜ್ವಾಲಾಮುಖಿ. ಈಶಾನ್ಯದಿಂದ ಬೀಸುವ ವಾಣಿಜ್ಯ ಮಾರುತ ಮೋಡಗಳನ್ನು ತಂದು ಉತ್ತರದ ಇಳಿಜಾರಿಗೆ ಒತ್ತುತ್ತದೆ. ಹೀಗಾಗಿ ಉತ್ತರ ಭಾಗ ಮಲೆನಾಡು, ದಕ್ಷಿಣ ಭಾಗ ಬಯಲುಸೀಮೆ. ಆಗುಂಬೆಗೂ ಚಿತ್ರದುರ್ಗಕ್ಕೂ ಇರುವಷ್ಟೇ ವ್ಯತ್ಯಾಸ, ಒಂದು ಗಂಟೆಯ ಕಾರಿನ ಹಾದಿಯಲ್ಲಿ. ಅಗ್ಗದ ಹೋಟೆಲ್ ಸಿಕ್ಕಿತೆಂದು ಉತ್ತರದಲ್ಲಿ ಕೋಣೆ ಹಿಡಿದವರು ದಿನಾ ಜರ್ಕಿನ್ ಹಾಕಿಕೊಳ್ಳುತ್ತಾರೆ. ದಕ್ಷಿಣದಲ್ಲಿ ಜನವರಿಯ ಹಗಲು 21, 22. ರಾತ್ರಿ 15ರ ಹತ್ತಿರ. ಗರಿಕೆ ನಿದ್ದೆ ಹೋಗದಿರಲು ಇಷ್ಟು ಸಾಕು. ಹಾರಾಟ ನಾಲ್ಕೂವರೆ ಗಂಟೆ. ನಾಲ್ಕೇ ದಿನ ರಜೆ ಇದ್ದರೆ ಲೆಕ್ಕ ಹಾಕಿ.

ಚಿಕ್ಕಮ್ಮ ಹೇಳಿದ ಗಲ್ಫ್ ಕೂಡ ಪಟ್ಟಿಯಲ್ಲಿದೆ. ದುಬೈಯ ಎಮಿರೇಟ್ಸ್ ಗಾಲ್ಫ್ ಕ್ಲಬ್ಬಿನ ಮಜ್ಲಿಸ್ ಮೈದಾನ 1988ರಲ್ಲಿ ತೆರೆಯುವವರೆಗೆ ಆ ಸೀಮೆಯಲ್ಲಿ ಗಾಲ್ಫ್ ಎಂದರೆ ಮರಳಿಗೆ ಎಣ್ಣೆ ಬೆರೆಸಿ ಗಟ್ಟಿ ಮಾಡಿದ 'ಬ್ರೌನ್' ಮೇಲೆ ಆಡುವುದು. ಈಗ ಜನವರಿಯಲ್ಲಿ ಹಗಲು 24, ಬೆಳಿಗ್ಗೆ 14, ಮಳೆ ಅಪರೂಪ. ಕೆಲವು ಬೆಳಿಗ್ಗೆ ದಟ್ಟ ಮಂಜು ಕವಿದು ಆಟ ತಡವಾಗುತ್ತದೆ. ದೀಪದ ಬೆಳಕಿನಲ್ಲಿ ರಾತ್ರಿ ಆಡುವ ಮೈದಾನಗಳೂ ಇರುವುದರಿಂದ ಹಗಲಿನ ಲೆಕ್ಕ ಬಿಡಬಹುದು. ಹವಾಮಾನದಲ್ಲಿ ತಪ್ಪು ಹುಡುಕುವುದು ಕಷ್ಟ, ಬಿಲ್ಲಿನಲ್ಲಿ ಸುಲಭ. ಬೆಂಗಳೂರಿಗೆ ಹೋಗುವ ದಾರಿಯಲ್ಲಿ ಎರಡು ದಿನ ಇಳಿದು, ಅಲ್ಲಿರುವ ನೆಂಟರ ಮನೆಯಲ್ಲಿ ತಂಗುವ ಅನುಕೂಲ ನಮ್ಮವರಲ್ಲಿ ಅನೇಕರಿಗಿದೆ.

ಶಿಕಾಗೋದಲ್ಲಿರುವ ಸೋದರತ್ತೆಯ ಮಗನಿಗೆ ಇದೇ ಪ್ರಶ್ನೆ ಫ್ಲೋರಿಡಾವೋ ಅರಿಜೋನಾವೋ ಎಂಬ ರೂಪದಲ್ಲಿ ಬರುತ್ತದೆ. ಅವನಿಗೂ ನಾನು ಹೇಳುವುದು ಬೆಳಗಿನ ಲೆಕ್ಕವೇ. ಫೀನಿಕ್ಸ್ ಸುತ್ತ ಬಿಸಿಲು ಖಾತರಿ, ಆದರೆ ಮರುಭೂಮಿಯ ರಾತ್ರಿ ತಣ್ಣಗಿದ್ದು, ಹೆಪ್ಪುಗಟ್ಟಿದ ಇಬ್ಬನಿ ಕರಗುವವರೆಗೆ ಆಟ ತಡೆಹಿಡಿಯುವುದು ಅಲ್ಲೂ ಉಂಟು. ಮಯಾಮಿಯ ಕಡೆ ಅದಿಲ್ಲ, ಚಳಿಗಾಲವೇ ಅಲ್ಲಿನ ಒಣ ಋತು. ಅದೇ ಫ್ಲೋರಿಡಾದ ಉತ್ತರ ತುದಿಯ ಜ್ಯಾಕ್ಸನ್‌ವಿಲ್‌ಗೆ ಹೋದರೆ ಸ್ವೆಟರ್ ಬೇಕು.

ಸಾಮಾನಿನ ಬಗ್ಗೆ ಎರಡೇ ಮಾತು. ಗಾಲ್ಫ್ ಚೀಲಕ್ಕೆ ಅಗ್ಗದ ವಿಮಾನ ಕಂಪನಿಗಳು ಬೇರೆ ದರ ಹಾಕುತ್ತವೆ, ಮೊದಲೇ ಕಾಯ್ದಿರಿಸದಿದ್ದರೆ ನಿಲ್ದಾಣದಲ್ಲಿ ದುಪ್ಪಟ್ಟು ತೆರಬೇಕಾಗಬಹುದು. ಮೂರು ದಿನಕ್ಕಿಂತ ಕಡಿಮೆ ಆಡುವುದಾದರೆ ಅಲ್ಲೇ ಬಾಡಿಗೆಗೆ ತೆಗೆದುಕೊಳ್ಳುವುದು ಮೇಲು. ಕೆಲವು ಕ್ಲಬ್ಬುಗಳು ಹ್ಯಾಂಡಿಕ್ಯಾಪ್ (ಆಟದ ಮಟ್ಟ ತೋರಿಸುವ ಅಂಕಿ) ಪ್ರಮಾಣಪತ್ರ ಕೇಳುತ್ತವೆ, ಅದರ ಒಂದು ಪ್ರತಿ ಜೇಬಿನಲ್ಲಿರಲಿ.

ಇಷ್ಟೆಲ್ಲ ಬರೆದ ಮೇಲೆ ಒಪ್ಪಿಕೊಳ್ಳಬೇಕು: ಅಂಕಿಗಳನ್ನಷ್ಟೇ ಇಟ್ಟು ನೋಡಿದರೆ ಇವೆಲ್ಲವನ್ನೂ ಬೆಂಗಳೂರು ಸೋಲಿಸುತ್ತದೆ. ಜನವರಿಯ ಹಗಲು 27ರ ಸುಮಾರು, ಬೆಳಿಗ್ಗೆ 15, 16, ಮಳೆ ಇಲ್ಲವೆನ್ನುವಷ್ಟು ಕಡಿಮೆ, ಡಿಸೆಂಬರಿನಲ್ಲೂ ಹನ್ನೊಂದು ಗಂಟೆ ಮೀರಿದ ಹಗಲು. ಬೆಂಗಳೂರು ಗಾಲ್ಫ್ ಕ್ಲಬ್ 1876ರಿಂದ ಊರ ನಡುವೆಯೇ ಇದೆ. ಆದರೆ ಅಲ್ಲಿ ಆಡಲು ಸದಸ್ಯರ ಪರಿಚಯ ಬೇಕು, ಊರಿಗೆ ಹೋದ ಮೇಲೆ ಮದುವೆ, ಮುಂಜಿ, ಗೃಹಪ್ರವೇಶಗಳ ನಡುವೆ ನಾಲ್ಕೂವರೆ ಗಂಟೆ ಕದಿಯಬೇಕು. ಮೂರು ಸಲ ಚೀಲ ಹೊತ್ತೊಯ್ದು ಒಂದು ಸಲ ಆಡಿದ್ದೇನೆ.

ಹಾಗಾಗಿ ಈಗ ಹೊರಡುವ ಎರಡು ತಿಂಗಳ ಮೊದಲು ಮೈದಾನಕ್ಕೆ ಮೂರು ಸಾಲಿನ ಮಿಂಚಂಚೆ ಕಳಿಸುತ್ತೇನೆ. ಫೇರ್‌ವೇಗೆ (ಗ್ರೀನಿನವರೆಗಿನ ಹುಲ್ಲಿನ ಹಾದಿಗೆ) ರೈ ಬೀಜ ಚೆಲ್ಲಿದ್ದೀರಾ, ಯಾವಾಗ? ಗ್ರೀನಿಗೆ ತೂತು ಹೊಡೆಯುವುದು ಯಾವ ವಾರ? ಮಳೆ ಬಂದ ಮರುದಿನ ಬಗ್ಗಿಯನ್ನು ಹುಲ್ಲಿಗೆ ಬಿಡುತ್ತೀರಾ? ಒಳ್ಳೆಯ ಕಡೆ ಮೈದಾನ ನೋಡಿಕೊಳ್ಳುವವರೇ ಮರುದಿನ ಉತ್ತರ ಬರೆಯುತ್ತಾರೆ, ಕೆಲವರು ಫೋಟೋ ಸಹ ಲಗತ್ತಿಸುತ್ತಾರೆ. ಉತ್ತರದ ಬದಲು ಸೂರ್ಯಾಸ್ತದ ಚಿತ್ರವಿರುವ ಕರಪತ್ರವನ್ನೇ ಇನ್ನೊಮ್ಮೆ ಕಳಿಸಿದವರ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕುತ್ತೇನೆ.