ಕ್ಯಾಸೆಟ್ಟಿನ ದನಿ ಗಣಕಕ್ಕೆ: ಗುಲಾಬಿಯಲ್ಲ, ನೀಲಿ ಸಾಕೆಟ್

ಅಜ್ಜಿಯ ಸೋಬಾನೆ ಪದ, ಊರಿನ ತಾಳಮದ್ದಲೆಗಳ ಹಳೆಯ ಕ್ಯಾಸೆಟ್ಟುಗಳನ್ನು ಗಣಕಯಂತ್ರಕ್ಕೆ ವರ್ಗಾಯಿಸಲು ಹೊರಟ ಹಲವರು, ದನಿ ಒಡೆದು ಬಂದಾಗ ಸೌಂಡ್ ಕಾರ್ಡನ್ನೇ ದೂರುತ್ತಾರೆ. ಆದರೆ ಎಷ್ಟೋ ಸಲ ದೋಷವಿರುವುದು ಕೇಬಲ್ ಸೇರಿಸಿದ ಜಾಗದಲ್ಲಿ.

ಡೆಸ್ಕ್‌ಟಾಪ್ ಗಣಕದ ಹಿಂಬದಿಯಲ್ಲಿ ಸಾಮಾನ್ಯವಾಗಿ ಹಸಿರು ಸಾಕೆಟ್ ಸ್ಪೀಕರಿಗೆ, ಗುಲಾಬಿ ಮೈಕಿಗೆ, ನೀಲಿ ಟೇಪ್ ರೆಕಾರ್ಡರಿನಂತಹ ಉಪಕರಣಕ್ಕೆ ಮೀಸಲು. ಮೈಕಿನ ಸಂಕೇತ ತೀರ ದುರ್ಬಲ. ಆದ್ದರಿಂದ ಗುಲಾಬಿ ಸಾಕೆಟ್ಟಿನ ಹಿಂದಿರುವ ವರ್ಧಕ ಅದನ್ನು ಹಲವು ಪಟ್ಟು ಹೆಚ್ಚಿಸುತ್ತದೆ. ಟೇಪ್ ರೆಕಾರ್ಡರಿನ ಪ್ರಬಲ ಸಂಕೇತ ಅಲ್ಲಿಗೆ ಹೋದರೆ ಧ್ವನಿಯಲೆಯ ಶಿಖರಗಳು ಕತ್ತರಿಸಿಹೋಗುತ್ತವೆ. ಹೀಗೆ ಕಳೆದುದನ್ನು ಯಾವ ತಂತ್ರಾಂಶವೂ ಪೂರ್ಣವಾಗಿ ಮರಳಿಸಲಾರದು.

ಟೇಪ್ ರೆಕಾರ್ಡರಿನ 'ಲೈನ್ ಔಟ್'ನಿಂದ ನೀಲಿ ಸಾಕೆಟ್ಟಿಗೆ ಕೇಬಲ್ ಸೇರಿಸಿ. ಹೆಡ್‌ಫೋನ್ ಸಾಕೆಟ್ ಮಾತ್ರ ಇದ್ದರೆ ವಾಲ್ಯೂಮ್ ತಗ್ಗಿಸಿಕೊಳ್ಳಿ. ಗಣಕದ ಧ್ವನಿ ಸೆಟ್ಟಿಂಗ್‌ನಲ್ಲಿ 'ಲೈನ್ ಇನ್' ಆಯ್ದುಕೊಳ್ಳಿ. ಅಡಾಸಿಟಿಯಂತಹ ಉಚಿತ ತಂತ್ರಾಂಶದಲ್ಲಿ ಮುದ್ರಿಸುವಾಗ ಮಟ್ಟಸೂಚಿ 0 ಡೆಸಿಬೆಲ್ ಮುಟ್ಟದಿರಲಿ. ಮೈನಸ್ 6ರ ಆಸುಪಾಸು ಕ್ಷೇಮ. ನೀಲಿ ಸಾಕೆಟ್ ಇಲ್ಲದ ಲ್ಯಾಪ್‌ಟಾಪಿಗೆ 'ಲೈನ್ ಇನ್' ಇರುವ ಯುಎಸ್‌ಬಿ ಸೌಂಡ್ ಕಾರ್ಡ್ ಬೇಕು. ಗುಂಯ್‌ಗುಡುವ ಸದ್ದು ಕೇಳಿಸಿದರೆ ಚಾರ್ಜರ್ ತೆಗೆದು ನೋಡಿ.

ಈ ಪರೀಕ್ಷೆಗಳನ್ನೆಲ್ಲ ಬೇರೊಂದು ಕ್ಯಾಸೆಟ್ಟಿನಲ್ಲಿ ಮುಗಿಸಿಕೊಳ್ಳಿ. ಹಳೆಯ ಟೇಪು ಓಡಿದಷ್ಟೂ ಸವೆಯುತ್ತದೆ. ಅಜ್ಜಿಯ ದನಿಯಿರುವುದು ಅದೊಂದರಲ್ಲೇ.